ವಾಸನೆ ಹೋದ ಮೇಲೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇದು ನಾನು ನೆನಪಿಟ್ಟುಕೊಂಡ ಸಮಯವಲ್ಲ; ಫೋಟೋದ ಕೆಳಗಿನ ಮೂಲೆಯಲ್ಲಿ ಹಳದಿ ಅಕ್ಷರಗಳಲ್ಲಿ ತಾನಾಗಿ ಬಿದ್ದ ಸಮಯ. ಗ್ರೀಸ್ ಟ್ರ್ಯಾಪ್ ಶುಚಿ ಮಾಡುವ ಮೊದಲು ಒಂದು ಫೋಟೋ, ಮಾಡಿದ ನಂತರ ಒಂದು ಫೋಟೋ, ಎರಡರಲ್ಲೂ ದಿನ ಮತ್ತು ಗಂಟೆ ಕಾಣಬೇಕು ಎಂದು ಹೋಟೆಲಿನವರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನೇ. ಮೊದಲ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಸಿಮೆಂಟಿನ ಚೌಕ ಬಾಯಿ, ಪಕ್ಕಕ್ಕೆ ಎಳೆದಿಟ್ಟ ಕಬ್ಬಿಣದ ಮುಚ್ಚಳ, ಒಳಗೆ ಬೂದು ಬಣ್ಣದ ದಪ್ಪ ಕೆನೆ. ಎಡಗಡೆಯ ಅಂಚಿನಲ್ಲಿ ಎರಡು ಬರಿಗಾಲುಗಳ ಬೆರಳುಗಳೂ ಬಂದುಬಿಟ್ಟಿವೆ. ಉಗುರುಗಳ ಸುತ್ತ ಒಣಗಿದ ಹಿಟ್ಟು. ಕಾಲು ಸ್ವಲ್ಪ ಹಿಂದೆ ತೆಗೆಯಿರಿ ಅಣ್ಣ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಎರಡನೇ ಫೋಟೋ ತೆಗೆಯುವಾಗ ನೋಡಿಕೊಂಡರಾಯಿತು ಎಂದು ಸುಮ್ಮನಾದೆ.

ಆಗ ಕಾಪು ಪೇಟೆಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ನನ್ನ ಸಣ್ಣ ಕಚೇರಿ ಇತ್ತು. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಎರಡು ಕಾಲೇಜುಗಳಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಿ, ಕೊನೆಗೆ ಹೋಟೆಲುಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಇಳಿದಿದ್ದೆ. ಪರವಾನಗಿ ನವೀಕರಣ, ಕರಿದು ಉಳಿದ ಎಣ್ಣೆಯನ್ನು ಯಾರಿಗೆ ಕೊಟ್ಟರು ಎಂಬ ಚೀಟಿ, ನೀರಿನ ಪರೀಕ್ಷೆಯ ವರದಿ, ಟ್ರ್ಯಾಪಿನ ರಿಜಿಸ್ಟರ್. ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಇಷ್ಟು ಊರುಗಳಲ್ಲಿ ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋಗುವ ಹಕ್ಕು ನನಗಿತ್ತು. ಪಾತ್ರೆ ತೊಳೆಯುವವರು ನನ್ನನ್ನು ‘ಫೈಲಿನ ಅಕ್ಕ’ ಎನ್ನುತ್ತಿದ್ದರು.

ಟ್ರ್ಯಾಪ್ ಎಂದರೆ ದೊಡ್ಡ ಯಂತ್ರವೇನೂ ಅಲ್ಲ. ಅಡುಗೆಮನೆಯ ನೀರು ಚರಂಡಿಗೆ ಹೋಗುವ ಮೊದಲು ಒಂದು ಗುಂಡಿಯಲ್ಲಿ ನಿಲ್ಲಬೇಕು. ನಿಂತಾಗ ಜಿಡ್ಡು ಮೇಲೆ ತೇಲುತ್ತದೆ, ಅನ್ನ ಹಿಟ್ಟು ಕೆಳಗೆ ಕೂರುತ್ತದೆ, ನಡುವಿನ ನೀರು ಮಾತ್ರ ಮುಂದೆ ಹರಿಯುತ್ತದೆ. ಜಿಡ್ಡನ್ನೂ ಕೆಸರನ್ನೂ ಆಗಾಗ ಸಕ್ಕಿಂಗ್ ಗಾಡಿ ತರಿಸಿ ಎಳೆಸಬೇಕು, ಎಳೆಸಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಮನುಷ್ಯರು ಮಾತ್ರ ಒಳಗೆ ಇಳಿಯಕೂಡದು. ಈ ಕೊನೆಯ ಸಾಲನ್ನು ನಾನು ದಪ್ಪ ಅಕ್ಷರದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಎಲ್ಲ ಅಡುಗೆಮನೆಗಳ ಗೋಡೆಗೂ ಮೊಳೆ ಹೊಡೆಸಿದ್ದೆ. ಆ ಮಧ್ಯಾಹ್ನ ನಾವು ನಿಂತಿದ್ದ ಗೋಡೆಯ ಮೇಲೂ ಅದು ಇತ್ತು.

ರಿಜಿಸ್ಟರುಗಳ ವಿಷಯ ಹೇಳಲೇಬೇಕು. ಹದಿನೈದು ದಿನಕ್ಕೊಮ್ಮೆ ಗಾಡಿ ತರಿಸುವ ಹೋಟೆಲುಗಳು ಕೆಲವಿದ್ದವು. ತಪಾಸಣೆ ಇದೆ ಎಂದು ಗೊತ್ತಾದ ಮೇಲೆ ನನಗೆ ಫೋನ್ ಮಾಡುವ ಹೋಟೆಲುಗಳು ಹೆಚ್ಚು. ಅಂಥ ಕಡೆ ನಾನು ಒಂದು ಬೈಠಕ್ಕಿನಲ್ಲಿ ಇಡೀ ವರ್ಷವನ್ನು ಬರೆದುಕೊಡುತ್ತಿದ್ದೆ. ಒಂದು ನೀಲಿ ಪೆನ್ನು, ಒಂದು ಕಪ್ಪು ಪೆನ್ನು. ಐದಾರು ಸಾಲು ನೀಲಿಯಲ್ಲಿ, ಮುಂದಿನ ಎರಡು ಕಪ್ಪಿನಲ್ಲಿ, ಒಂದೆರಡು ಕಡೆ ಅಕ್ಷರವನ್ನು ಬೇಕೆಂದೇ ಅವಸರದಲ್ಲಿ. ಇದನ್ನು ಸುಳ್ಳು ಎಂದು ನಾನು ಯೋಚಿಸಿದ್ದಿಲ್ಲ. ಎಲ್ಲರೂ ಬರೆಸುತ್ತಾರೆ, ನಾನು ಸ್ವಲ್ಪ ನೀಟಾಗಿ ಬರೆಯುತ್ತೇನೆ ಅಷ್ಟೆ ಎಂಬ ಹೆಮ್ಮೆ ಕೂಡ ಇತ್ತು.

ಆ ಹೋಟೆಲು ಮಣಿಪಾಲದಲ್ಲಿ, ಹಾಸ್ಟೆಲುಗಳ ನಡುವಿನ ಒಂದು ಅಡ್ಡರಸ್ತೆಯಲ್ಲಿತ್ತು. ಮಾಲಕರು ಕಾರ್ಕಳದವರು, ಅರುವತ್ತು ದಾಟಿದವರು. ಅಲ್ಲಿ ಅವರ ತಂದೆಯ ಕಾಲದ ಹೋಟೆಲು ಇತ್ತು, ಮಣಿಪಾಲದ್ದು ಹೊಸತು. ಮೊದಲು ನಲವತ್ತು ಜನ ಕೂರುತ್ತಿದ್ದ ಜಾಗದಲ್ಲಿ ಈಗ ನೂರು ಜನ ಕೂರುತ್ತಿದ್ದರು. ಗುಂಡಿ ಮಾತ್ರ ನಲವತ್ತು ಜನರದ್ದೇ. ದೊಡ್ಡದು ಮಾಡಿಸಬೇಕು ಎಂದು ನಾನು ಎರಡು ಸಲ ಹೇಳಿದ್ದೆ. ಅವರು ನಗುತ್ತಿದ್ದರು. “ಶುದ್ಧ ಸಸ್ಯಾಹಾರಿ ಅಂತ ಬೋರ್ಡ್ ಉಂಟಲ್ಲ ಮಾರಾಯ್ತಿ. ಕೊಬ್ಬು ಎಲ್ಲಿಂದ ಬರ್ತದೆ? ಕುರಿ ಕಡಿಯುವವರಿಗೆ ಹೇಳು.” ಗೋಳಿಬಜೆಯ ಎಣ್ಣೆ, ದೋಸೆಯ ತುಪ್ಪ, ಕಾಯಿ ಅರೆದ ನೀರು, ಇವೆಲ್ಲ ಅವರ ಕಣ್ಣಿಗೆ ಜಿಡ್ಡೇ ಅಲ್ಲ. ನಾನೂ ನಕ್ಕು ಮುಂದಿನ ಕಾಗದಕ್ಕೆ ಹೋಗುತ್ತಿದ್ದೆ.

ಹಿಟ್ಟು ಅರೆಯುವವರು ಹಿರಿಯಡ್ಕದ ಒಳಗಿನ ಹಳ್ಳಿಯವರು, ಐವತ್ತೆರಡರ ಪ್ರಾಯ. ಇಡೀ ಅಡುಗೆಮನೆ ಅವರನ್ನು ಗ್ರೈಂಡರಣ್ಣ ಎನ್ನುತ್ತಿತ್ತು. ಇಡ್ಲಿಯ ಹಿಟ್ಟು, ದೋಸೆಯ ಹಿಟ್ಟು, ಬನ್ಸಿನ ಹಿಟ್ಟು, ಮೂರಕ್ಕೂ ಅವರೇ. ಮುಚ್ಚಳ ಸ್ವಲ್ಪ ಸರಿಸಿ ಮೂಗಿನಿಂದ ಒಮ್ಮೆ ಎಳೆದರೆ, ಇದು ಇನ್ನು ಒಂದು ಗಂಟೆ ಇರಲಿ, ಇದು ಈಗಲೇ ಹೋಗಲಿ ಎಂದು ಹೇಳಿಬಿಡುತ್ತಿದ್ದರು. ಬೆರಳು ಅದ್ದುವುದಿಲ್ಲ, ಗಡಿಯಾರ ನೋಡುವುದಿಲ್ಲ. ಅವರ ಮೂಗಿನ ಮೇಲೆ ಆ ಹೋಟೆಲು ನಿಂತಿತ್ತು ಎಂದರೆ ಹೆಚ್ಚಾಗುವುದಿಲ್ಲ.

ಗುಂಡಿಯ ಉಸ್ತುವಾರಿಯೂ ಅವರದ್ದೇ. ಅದರಲ್ಲೊಂದು ಪದ್ಧತಿ ಇತ್ತು. ವಾರಕ್ಕೊಮ್ಮೆ, ಉಳಿದು ಹುಳಿಯಾದ ಹಿಟ್ಟಿಗೆ ಹಳೆಯ ಮಜ್ಜಿಗೆ ಬೆರೆಸಿ, ಒಂದು ಬಕೆಟು ಗುಂಡಿಗೆ ಸುರಿಯುವುದು. ಶೌಚಾಲಯದ ಹೊಸ ಗುಂಡಿಗೆ ಸೆಗಣಿ ನೀರು ಹಾಕುತ್ತಾರಲ್ಲ, ಹಾಗೆ. ಒಳಗೆ ಕಣ್ಣಿಗೆ ಕಾಣದ ಹುಳಗಳು ಇರುತ್ತವೆ, ಹುಳಿ ಸಿಕ್ಕಿದರೆ ಅವು ಜಿಡ್ಡು ತಿನ್ನುತ್ತವೆ ಎಂದು ಮಾಲಕರ ತಂದೆ ಹೇಳಿದ್ದರಂತೆ. ಸುರಿದ ಮೇಲೆ ಗುಂಡಿ ಗುಳುಗುಳು ಎನ್ನುತ್ತಿತ್ತು. ಅದು ಕೆಲಸ ನಡೆಯುತ್ತಿರುವ ಗುರುತು ಎಂದು ಎಲ್ಲರೂ ನಂಬಿದ್ದರು. ನನಗೆ ಇದು ಗೊತ್ತಿತ್ತು. ತಮಾಷೆ ಎಂದು ಬೇರೆ ಹೋಟೆಲುಗಳಲ್ಲಿ ಹೇಳಿಯೂ ಇದ್ದೆ. ಕೊಳೆತ ಕೆಸರಿಗೆ ಹುಳಿ ಬಿದ್ದರೆ ಯಾವ ಅನಿಲ ಏಳುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆ ಉತ್ತರ ಮತ್ತು ಈ ಬಕೆಟು ನನ್ನ ತಲೆಯಲ್ಲಿ ಒಂದನ್ನೊಂದು ಮುಟ್ಟಲೇ ಇಲ್ಲ.

ಆ ದಿನ ಬೆಳಿಗ್ಗೆ ಮಾಲಕರು ಕಾರ್ಕಳದಿಂದ ಫೋನ್ ಮಾಡಿದರು. ಆ ರಸ್ತೆಯ ಚರಂಡಿ ಕಟ್ಟಿಕೊಂಡು ನೀರು ಮೇಲೆ ಬಂದಿದೆ, ನಗರಸಭೆಯವರು ನಾಳೆ ಎಲ್ಲ ಹೋಟೆಲುಗಳ ಟ್ರ್ಯಾಪ್ ತೆಗೆಸಿ ನೋಡುತ್ತಾರಂತೆ ಎಂದರು. ಸಕ್ಕಿಂಗ್ ಗಾಡಿಯವರು ನಾಡಿದ್ದು ಮಾತ್ರ ಬರಬಹುದು ಎಂದಿದ್ದರು. ಅಷ್ಟರವರೆಗೆ ಮೇಲಿನಿಂದ ಎಷ್ಟಾಗುತ್ತದೋ ಅಷ್ಟು ತೆಗೆಸು, ಫೋಟೋ ತೆಗೆದಿಡು, ರಿಜಿಸ್ಟರ್ ಸರಿ ಮಾಡು ಎಂದರು.

ನಾನು ಹನ್ನೊಂದಕ್ಕೆ ಹೋದೆ. ರಿಜಿಸ್ಟರ್ ಮುಗಿಸಿದೆ. ಕೊನೆಯ ಸಾಲಿನಲ್ಲಿ, ಐದು ದಿನದ ಹಿಂದಿನ ದಿನಾಂಕ ಹಾಕಿ, ಯಂತ್ರದಿಂದ ಶುಚಿಗೊಳಿಸಲಾಗಿದೆ ಎಂದು ಬರೆದೆ. ಪ್ರತಿ ಸಾಲಿಗೂ ಜವಾಬ್ದಾರಿ ಹೊತ್ತವರ ಸಹಿ ಬೇಕು. ಗ್ರೈಂಡರಣ್ಣ ಒಂದು ಒಬ್ಬೆ ಅರೆದು ಮುಗಿಸಿ ಇನ್ನೊಂದು ಒಬ್ಬೆ ಹಾಕುವ ನಡುವೆ ಬಂದು, ಕೈ ಸರಿಯಾಗಿ ತೊಳೆಯದೆ, ನಿಂತುಕೊಂಡೇ ಇಪ್ಪತ್ತನಾಲ್ಕು ಸಹಿ ಹಾಕಿದರು. ಪೂರ್ತಿ ಹೆಸರು, ಶಾಲೆಯ ಅಕ್ಷರ. ಎಂತಕ್ಕೆ ಎಂದು ಕೇಳಲಿಲ್ಲ. ಪ್ರತಿ ಪುಟದ ಬಲಗಡೆ ಅವರ ಹೆಬ್ಬೆರಳಿನ ಹಿಟ್ಟು ಅಂಟಿತು. ಒರೆಸಿದೆ, ಆದರೂ ಒಣಗಿದ ಮೇಲೆ ಬಿಳಿ ಕಲೆ ಉಳಿಯಿತು.

ಊಟದ ಗಲಾಟೆ ಮುಗಿದು ಮೂರೂವರೆಗೆ ಮುಚ್ಚಳ ತೆಗೆದೆವು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಪಾತ್ರೆ ತೊಳೆಯುವ ಅಕ್ಕ, ಕಾರ್ಕಳದಿಂದ ಮಾಲಕರೇ ಕರೆತಂದವರು, ಸೆರಗು ಮೂಗಿಗೆ ಹಿಡಿದು, “ಧನಿಗಳಿಗೆ ಹೇಳಬೇಡಿ, ನಾವು ಇಲ್ಲಿ ಆಮ್ಲೆಟ್ ಮಾಡ್ತೇವೆ ಅಂತ ಗ್ರಹಿಸಿಯಾರು” ಎಂದರು. ಎಲ್ಲರೂ ನಕ್ಕೆವು. ಗ್ರೈಂಡರಣ್ಣ ಉದ್ದ ಕೋಲಿಗೆ ಬಕೆಟು ಕಟ್ಟಿ ಮೇಲಿನ ಕೆನೆ ತೆಗೆದರು. ಆ ಅಕ್ಕ ಬೆನ್ನು ತಿರುಗಿಸಿ ಪಾತ್ರೆಗೆ ಹೋದರು. ಕೆಳಗಿನದ್ದು ಮಾತ್ರ ಕೋಲಿಗೆ ಸಿಗಲಿಲ್ಲ. ಗುಂಡಿಯ ನಡುವೆ ಒಂದು ಅಡ್ಡಗೋಡೆ ಇರುತ್ತದೆ, ತಪಾಸಣೆಗೆ ಅದು ಕಾಣಬೇಕು. ಅದು ಕಾಣುತ್ತಿರಲಿಲ್ಲ. ಬುಡದ ಹಿಟ್ಟು ಸ್ವಲ್ಪ ಕೆದಕಿದರೆ ಗೋಡೆ ಕಾಣುತ್ತಿತ್ತು, ಫೋಟೋದಲ್ಲಿ ಬರುತ್ತಿತ್ತು ಎಂದು ನಾನು ಹೇಳಿದೆ. ಅವರು ಕೋಲಿನಿಂದ ಕೆದಕಿದರು. ಗುಳುಗುಳು ಎಂದು ಗುಳ್ಳೆಗಳು ಎದ್ದವು.

ಆಗ ವಾಸನೆ ಹೋಯಿತು.

ಇದನ್ನೇ ನಾನು ದಿನವೂ ಮರಳಿ ನೋಡುತ್ತಿದ್ದದ್ದು. ಅಷ್ಟು ಕೆಟ್ಟ ವಾಸನೆ, ಒಂದೇ ಕ್ಷಣದಲ್ಲಿ ಏನೂ ಇಲ್ಲ. ಕಿಟಕಿಯಿಂದ ಗಾಳಿ ಬಂದಹಾಗೆ. ಹುಳಿ ಬಿದ್ದ ಕೆಸರಿನಿಂದ ಏಳುವ ಆ ಅನಿಲದ ಗುಣವೇ ಅದು; ಕಡಿಮೆ ಇದ್ದಾಗ ನಾರುತ್ತದೆ, ಹೆಚ್ಚಾದಾಗ ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದರೆ ಓಡಬೇಕು. ನಾನು ಓಡಲಿಲ್ಲ. ನಾನು ಮೂಗಿನಿಂದ ಕರವಸ್ತ್ರ ತೆಗೆದು, “ಈಗ ವಾಸನೆ ಹೋಯಿತು, ಅಲ್ವಾ ಅಣ್ಣ?” ಎಂದೆ.

“ಹೌದು, ಹೋಯಿತು,” ಎಂದರು ಅವರು. “ಹಾಗಾದ್ರೆ ಎರಡು ಮೆಟ್ಟಿಲು ಇಳಿದು ತೆಗೀತೇನೆ. ನಿಮ್ಮ ಫೋಟೋ ಒಂದು ಚಂದ ಬರಲಿ.”

ನಾನು ಬೇಡ ಎನ್ನಲಿಲ್ಲ. ಫೋನನ್ನು ಒರೆಸುತ್ತಿದ್ದೆ.

ಒಳಗೆ ಕಬ್ಬಿಣದ ಮೆಟ್ಟಿಲುಗಳಿದ್ದವು. ಅವರು ಎರಡು ಇಳಿದರು, ಮೂರನೆಯದಕ್ಕೆ ಕಾಲಿಟ್ಟರು, ಎದೆಯವರೆಗೆ ಒಳಗೆ ಹೋದರು. ಬಕೆಟು ಕೊಡಿ ಎಂದು ಕೈ ಚಾಚಿದರು. ಆ ಕೈ ಹಾಗೇ ನಿಂತಿತು. ನಂತರ ಅವರು ಕೂತರು. ಬೀಳಲಿಲ್ಲ, ಕೂಗಲಿಲ್ಲ, ಊಟಕ್ಕೆ ಕೂತಹಾಗೆ, ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಕೂತರು. ಕೆಸರು ಕುತ್ತಿಗೆಯವರೆಗೆ ಬಂತು.

ಪಾತ್ರೆ ತೊಳೆಯುವ ಅಕ್ಕ ತಿರುಗಿ ನೋಡಿ ಓಡಿಬಂದರು. ಒಂದು ಕಾಲನ್ನು ಮೆಟ್ಟಿಲಿಗೆ ಇಟ್ಟಾಗಿತ್ತು. ಆಗ ಮಾತ್ರ, ಅಷ್ಟು ತಡವಾಗಿ, ಪಾಠದ ಪುಸ್ತಕದ ಸಾಲು ನೆನಪಾಯಿತು: ಎತ್ತಲು ಇಳಿದವರೂ ಉಳಿಯುವುದಿಲ್ಲ. ನಾನು ಅವರ ಸೊಂಟವನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಬಿದ್ದೆ. ಅವರು ನನ್ನ ಕೈ ಪರಚಿದರು, ಮೊಣಕೈಯಿಂದ ಎದೆಗೆ ಗುದ್ದಿದರು. “ಬಿಡು ನನ್ನನ್ನು. ಅವರು ಸಾಯ್ತಾರೆ. ನಿನ್ನ ಫೈಲಿಗೆ ಬೆಂಕಿ ಬೀಳಲಿ, ಬಿಡು.” ನಾನು ಬಿಡಲಿಲ್ಲ. ಗ್ರೈಂಡರಣ್ಣನ ತಲೆಯ ಮೇಲಿನ ಬಿಳಿಕೂದಲು ಅಲ್ಲಿಂದ ಕಾಣುತ್ತಿತ್ತು. ಅದನ್ನು ನೋಡುತ್ತಾ, ಅವರನ್ನು ಎತ್ತಲು ಹೊರಟವಳನ್ನು ನಾನು ಹಿಡಿದುಕೊಂಡು ಕೂತಿದ್ದೆ. ಆ ಸೀರೆಯ ಗಂಟು ನನ್ನ ಬೆರಳುಗಳಲ್ಲಿ ತಿಂಗಳುಗಟ್ಟಲೆ ಉಳಿಯಿತು.

ಫ್ಯಾನ್, ಫ್ಯಾನ್ ಎಂದು ನಾನು ಹೇಳುತ್ತಿದ್ದೆನಂತೆ. ಯಾರೋ ಗಲ್ಲಾಪೆಟ್ಟಿಗೆಯ ಬಳಿಯ ದೊಡ್ಡ ಫ್ಯಾನನ್ನು ಎಳೆದುತಂದು ಗುಂಡಿಯ ಬಾಯಿಗೆ ತಿರುಗಿಸಿದರು. ದೋಸೆ ಹಾಕುವವರು ಹಿಂದಿನ ಮನೆಗೆ ಓಡಿದರು. ಆ ಮನೆಯಲ್ಲಿ ಇನ್ನೂ ಬಾವಿ ಇದೆ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯೂ ಇದೆ, ಸುತ್ತ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು. ಅದನ್ನು ಹಗ್ಗದ ಸಮೇತ ತಂದರು. ಮೂರು ಸಲ ಎಸೆದರು. ಮೂರನೇ ಸಲ ಒಂದು ಕೊಕ್ಕೆ ಅವರ ಖಾಕಿ ಚಡ್ಡಿಯ ಬೆಲ್ಟಿಗೆ ಸಿಕ್ಕಿತು, ಇನ್ನೊಂದು ಭುಜದ ಮಾಂಸಕ್ಕೆ. ನಾಲ್ಕು ಜನ ಉಸಿರು ಕಟ್ಟಿ ಎಳೆದರು. ಎಷ್ಟು ನಿಮಿಷವಾಗಿತ್ತೋ ತಿಳಿಯದು. ಮೇಲೆ ಬಂದಾಗ ಅವರ ಮುಖ ಹಿಟ್ಟಿನಂತೆ ಇತ್ತು, ಕಣ್ಣು ಅರ್ಧ ತೆರೆದಿತ್ತು.

ಆಸ್ಪತ್ರೆ ಹತ್ತಿರವಿದ್ದದ್ದರಿಂದ ಉಳಿದರು ಎಂದು ವೈದ್ಯರು ಹೇಳಿದರು.

ಮಾಲಕರು ಸಂಜೆಯೊಳಗೆ ಬಂದರು. ಅವರು ಕೆಟ್ಟವರು ಎಂದು ನಾನು ಬರೆಯಲಾರೆ. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತು ಶಾಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗ್ರೈಂಡರಣ್ಣನ ಹೆಂಡತಿಗೆ ತಾವೇ ಚಹಾ ತಂದುಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನೆಲ ನೋಡುತ್ತಾ ಮಾತಾಡಿದರು.

“ಐದು ದಿನದ ಹಿಂದೆ ಕ್ಲೀನ್ ಆಗಿದೆ ಅಂತ ರಿಜಿಸ್ಟರಿನಲ್ಲಿ ಉಂಟು. ಮೇಲಿನಿಂದ ತೆಗೀಲಿಕ್ಕೆ ಮಾತ್ರ ನಾನು ಹೇಳಿದ್ದು. ಮತ್ತೆ ಅವನು ಒಳಗೆ ಎಂತಕ್ಕೆ ಇಳಿದ? ಮೊಬೈಲ್ ಬಿದ್ದಿರಬೇಕು, ಅಲ್ವಾ?”

ನಾನು ಐಸಿಯುವಿನ ಬಾಗಿಲ ಕಡೆ ನೋಡಿದೆ.

“ಬರೆದದ್ದು ನೀನು ಮಾರಾಯ್ತಿ. ನಿನ್ನ ಕೈಬರಹ ಅದು, ನನ್ನದಲ್ಲ. ನನಗೆ ನೀನು ಮಗಳ ಹಾಗೆ, ಅದಕ್ಕೆ ಹೇಳುವುದು.”

ಠಾಣೆಯವರು ಬಂದು ಕೇಳಿದಾಗ, ನಾನು ಫೋನಿನಲ್ಲಿ ಫೋಟೋ ನೋಡುತ್ತಿದ್ದೆ, ಅವರು ಯಾವಾಗ ಇಳಿದರೆಂದು ಗಮನಿಸಲಿಲ್ಲ ಎಂದೆ. ಪಾತ್ರೆ ತೊಳೆಯುವ ಅಕ್ಕ, ತಾನು ತಿರುಗಿದಾಗ ಅವರು ಒಳಗಿದ್ದರು ಎಂದರು. ಅವರಿಗೆ ಅಷ್ಟೇ ಗೊತ್ತಿತ್ತು. ನಮ್ಮಿಬ್ಬರ ನಡುವೆ ಆಡಿದ ಆ ಎರಡು ಮಾತುಗಳನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲ. ಗುಂಡಿಗೆ ಮುಚ್ಚಳ ಹಾಕಿ ಮೊಹರು ಮಾಡಿದರು. ಹೋಟೆಲಿನ ಬಾಗಿಲಿಗೆ ‘ನವೀಕರಣಕ್ಕಾಗಿ ಮುಚ್ಚಿದೆ’ ಎಂಬ ಬೋರ್ಡು ಬಂತು.

ಗ್ರೈಂಡರಣ್ಣನ ಮೊಬೈಲು ಗ್ರೈಂಡರಿನ ಮೇಲಿನ ಹಲಗೆಯಲ್ಲಿ ಚಾರ್ಜಿಗೆ ಇಟ್ಟಲ್ಲೇ ಇತ್ತು. ಅದನ್ನು ತೆಗೆದುಕೊಂಡುಹೋಗಿ ಅವರ ಹೆಂಡತಿಯ ಕೈಗೆ ಕೊಟ್ಟವಳೂ ನಾನೇ.

ಕಾಪುವಿನ ಮನೆಯಲ್ಲಿ ನಾನು ನಿದ್ದೆ ಮಾಡದಾದೆ. ಕಣ್ಣು ಮುಚ್ಚಿ ದೇಹ ಸಡಿಲವಾಗುವ ಹೊತ್ತಿಗೆ ಸರಿಯಾಗಿ, ಯಾರೋ ನನ್ನ ಕೈಯಿಂದ ಬಿಡಿಸಿಕೊಂಡು ಇಳಿಯುತ್ತಾರೆ. ಎದ್ದು ಕೂರುತ್ತೇನೆ. ಇನ್ನೊಂದು ಕಾಟ ಹಗಲಿನದು. ಎಲ್ಲಿಯಾದರೂ ವಾಸನೆ ಇಲ್ಲದಿದ್ದರೆ ಹೆದರಿಕೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಎಸಿ ಹಾಕಿದ ಕೋಣೆಯಲ್ಲಿ, ಮೂಗಿಗೆ ಏನೂ ಬರದೆ ಹೋದಾಗ ಬೆವರುತ್ತಿದ್ದೆ. ಚೀಲದಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ಆಗಾಗ ಗೀರಿ ಮೂಸುತ್ತಿದ್ದೆ. ಮೂಗು ಬದುಕಿದೆಯೇ ಎಂದು ನೋಡಲು.

ಗ್ರೈಂಡರಣ್ಣ ಐದು ವಾರದ ನಂತರ ಮನೆಗೆ ಹೋದರು. ಇನ್ನೂ ಮೂರು ವಾರ ಬಿಟ್ಟು ನಾನು ಹಿರಿಯಡ್ಕದ ಬಸ್ಸು ಹತ್ತಿದೆ. ಅಷ್ಟು ದಿನ ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳಲಿಲ್ಲ, ಅದೇ ಕಷ್ಟವಾಯಿತು. ಪೇಟೆಯಿಂದ ಒಳಗೆ ಮಣ್ಣಿನ ರಸ್ತೆ, ಹೆಂಚಿನ ಸಣ್ಣ ಮನೆ. ಅವರು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ತಾನಾಗಿ ನಡುಗುತ್ತಿತ್ತು. ನನ್ನನ್ನು ಕಂಡು ಏಳಲು ಹೋದರು. ನಾವು ತುಳುವಿನಲ್ಲಿ ಮಾತಾಡಿದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ದಿನದ್ದು ಅವರಿಗೆ ಏನೂ ನೆನಪಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದ್ದು, ಆಮೇಲೆ ಆಸ್ಪತ್ರೆಯ ಬೆಳಕು. ನಡುವೆ ಖಾಲಿ. ಆ ಖಾಲಿ ಜಾಗವನ್ನು ಬೇರೆಯವರು ತುಂಬಿಕೊಟ್ಟಿದ್ದರು.

“ನನಗೆ ಬುದ್ಧಿ ಇಲ್ಲ ಅಕ್ಕ. ಒಂದು ಮೊಬೈಲಿಗೆ ಬೇಕಾಗಿ ಇಳಿದೆನಂತೆ. ನಿಮಗೆಲ್ಲ ಎಷ್ಟು ಉಪದ್ರ ಆಯಿತು.”

ಅವರ ಹೆಂಡತಿ ಒಳಗಿನಿಂದಲೇ ದನಿ ಎತ್ತಿದರು. ಬಟನ್ ಒತ್ತುವ ಡಬ್ಬಾ ಮೊಬೈಲು, ಅದಕ್ಕಾಗಿ ಮನೆಯ ಮೂರು ಜನರ ಬಾಯಿಗೆ ಮಣ್ಣು ಹಾಕಲು ಹೊರಟ ಮಹಾರಾಯ ಎಂದರು. ದಿನಕ್ಕೆ ಎಷ್ಟು ಸಲ ಇದನ್ನು ಹೇಳುತ್ತಿದ್ದರೋ, ಮಾತು ನುಣುಪಾಗಿ ಬರುತ್ತಿತ್ತು. ಗ್ರೈಂಡರಣ್ಣ ತಲೆ ತಗ್ಗಿಸಿ ನಕ್ಕರು. ಪೇಟೆಗೆ ಹೋಗುವುದನ್ನು ಬಿಟ್ಟಿದ್ದರು. ಹೋದರೆ, ಮೊಬೈಲ್ ಸಿಕ್ಕಿತಾ ಎಂದು ಕೇಳುತ್ತಾರಂತೆ. ಬೇರೆ ಹೋಟೆಲಿನವರೂ, ಹೇಳಿದ ಮಾತು ಕೇಳದೆ ಗುಂಡಿಗೆ ಹಾರುವವನನ್ನು ಹೇಗೆ ಇಟ್ಟುಕೊಳ್ಳುವುದು ಎಂದರಂತೆ. ಕೈ ನಡುಗುವುದಕ್ಕಿಂತ ಅದು ಅವರನ್ನು ಹೆಚ್ಚು ತಿಂದಿತ್ತು. ಮೂವತ್ತು ವರ್ಷ ಜಾಗ್ರತೆಯಿಂದ ಕೆಲಸ ಮಾಡಿದವರು, ತಾನು ಜಾಗ್ರತೆ ಇಲ್ಲದವನು ಎಂದು ನಂಬಿಬಿಟ್ಟಿದ್ದರು. ಮೊಬೈಲು ದೇವರ ಫೋಟೋದ ಕೆಳಗೆ ಇತ್ತು. ಒಂದು ಹನಿ ಜಿಡ್ಡಿಲ್ಲ, ಒಂದು ಗೀರಿಲ್ಲ. ಅದು ಗುಂಡಿಗೆ ಬಿದ್ದು ಬಂದ ಮೊಬೈಲೇ ಎಂದು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಧನಿಗಳು ಹೇಳಿದ್ದಾರೆ ಎಂದ ಮೇಲೆ ಮುಗಿಯಿತು.

ಚಹಾ ಕುಡಿದು ಏಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಒಳಗಿನಿಂದ ಒಂದು ಪಾತ್ರೆ ತರಿಸಿದರು. ಮನೆಯಲ್ಲಿ ದೋಸೆಗೆ ಅರೆದಿಟ್ಟ ಹಿಟ್ಟು. ಆ ದಿನದ ನಂತರ ಅವರ ಮೂಗಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಮಲ್ಲಿಗೆ ಇಲ್ಲ, ಸೀಮೆಎಣ್ಣೆ ಇಲ್ಲ. ವೈದ್ಯರು, ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು. ಅವರು ಮುಚ್ಚಳ ಸರಿಸಿ ಪಾತ್ರೆಯನ್ನು ನನ್ನ ಕಡೆ ಚಾಚಿದರು. ಪಾತ್ರೆ ನಡುಗಿತು.

“ನೋಡಿ ಅಕ್ಕ, ಹುಳಿ ಬಂದಿದೆಯಾ? ನನಗೆ ವಾಸನೆ ಗೊತ್ತಾಗುವುದಿಲ್ಲ. ನೀವು ಹೇಳಿದರೆ ಸಾಕು.”

ನಾನು ಬಗ್ಗಿದೆ. ಹಿಟ್ಟು ಹದವಾಗಿ ಹುಳಿ ಬಂದಿತ್ತು. ಆ ವಾಸನೆ ಮೂಗಿನೊಳಗೆ ಹೋದಾಗ ನನಗೆ ಕೂರಲು ಆಗಲಿಲ್ಲ. ಎದ್ದು ನಿಂತೆ. ನೀವು ಹೇಳಿದರೆ ಸಾಕು. ಆ ದಿನವೂ ಅವರು ಅದನ್ನೇ ಮಾಡಿದ್ದರು. ನಾನು ಹೇಳಿದ್ದೇ ಅವರಿಗೆ ಸಾಕಾಗಿತ್ತು.

“ಅಣ್ಣ, ನೀವು ಮೊಬೈಲಿಗೆ ಇಳಿದದ್ದಲ್ಲ,” ಎಂದೆ.

ಅವರು ಪಾತ್ರೆಯನ್ನು ಕೆಳಗಿಟ್ಟರು. ನಾನು ಎಲ್ಲ ಹೇಳಿದೆ. ಫೋಟೋಕ್ಕೆ ಅಡ್ಡಗೋಡೆ ಕಾಣಬೇಕಿದ್ದದ್ದು, ಬುಡ ಕೆದಕಿ ಎಂದು ನಾನು ಹೇಳಿದ್ದು, ವಾಸನೆ ಹೋಯಿತು ಎಂದದ್ದು, ಅದು ಸಾವಿನ ಗುರುತು ಎಂದು ಓದಿದವಳಿಗೆ ಗೊತ್ತಿರಬೇಕಿದ್ದದ್ದು, ಅವರು ಇಳಿಯುತ್ತೇನೆ ಎಂದಾಗ ನಾನು ಸುಮ್ಮನಿದ್ದದ್ದು. ಮೊಬೈಲು ಹಲಗೆಯ ಮೇಲೆ ಇದ್ದದ್ದು. ಅವರು ನನ್ನ ಮುಖ ನೋಡಲಿಲ್ಲ, ಅಂಗಳ ನೋಡುತ್ತಿದ್ದರು. ಮುಗಿದ ಮೇಲೆ ಹೆಂಡತಿಯನ್ನು ಹೊರಗೆ ಕರೆದರು.

“ಇನ್ನೊಮ್ಮೆ ಹೇಳಿ ಅಕ್ಕ. ಇವಳಿಗೆ ಕೇಳಬೇಕು.”

ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಅವರ ಹೆಂಡತಿ ಬಾಗಿಲ ದಾರಂದಕ್ಕೆ ಒರಗಿ ಕೇಳಿದರು. ಒಳಗೆ ಹೋಗಿ ಮೊಬೈಲನ್ನು ತಂದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ನನ್ನ ಮುಂದಿದ್ದ ಚಹಾದ ಲೋಟ ಇನ್ನೂ ಅರ್ಧ ತುಂಬಿತ್ತು. ಅದನ್ನು ಎತ್ತಿಕೊಂಡು ಅಂಗಳಕ್ಕೆ ಚೆಲ್ಲಿದರು.

“ಎರಡು ತಿಂಗಳು ಇವರನ್ನು ಬೈದಿದ್ದೇನೆ,” ಎಂದರು. “ಅದನ್ನೆಲ್ಲ ಈಗ ಯಾರು ವಾಪಸ್ ತಗೊಳ್ಳುವುದು?”

ಬಸ್ಸಿಗೆ ನಡೆಯುವಾಗ ಯಾರೂ ಕಳುಹಿಸಿಕೊಡಲು ಬರಲಿಲ್ಲ. ಬರುವುದು ನ್ಯಾಯವೂ ಆಗಿರಲಿಲ್ಲ.

ಮರುದಿನ ಠಾಣೆಗೆ ಹೋಗಿ ಮೂರು ಪುಟ ಬರೆದುಕೊಟ್ಟೆ. ಒಂದೇ ಪೆನ್ನಿನಲ್ಲಿ. ಮೊದಲು ಹೇಳಿದ್ದು ಸುಳ್ಳು ಎಂದು ಬರೆದೆ. ರಿಜಿಸ್ಟರ್ ಒಂದೇ ದಿನ ಬರೆದದ್ದಕ್ಕೆ ಏನು ಸಾಕ್ಷಿ ಎಂದು ಅಲ್ಲಿದ್ದ ಅಧಿಕಾರಿ ಕೇಳಿದರು. ಪುಟ ತಿರುಗಿಸಿ ತೋರಿಸಿದೆ. ವರ್ಷದ ಮೊದಲ ಸಹಿಯಿಂದ ಕೊನೆಯ ಸಹಿಯವರೆಗೆ, ಪ್ರತಿ ಪುಟದ ಬಲಗಡೆ, ಒಂದೇ ಒಬ್ಬೆಯ ಹಿಟ್ಟು, ಒಂದೇ ಹೆಬ್ಬೆರಳು.

ಮಾಲಕರು ಒಮ್ಮೆ ಮಾತ್ರ ಫೋನ್ ಮಾಡಿದರು. ಬೈಯಲಿಲ್ಲ. “ಕೊಬ್ಬು ಎಲ್ಲಿಂದ ಬರ್ತದೆ ಅಂತ ಕೇಳಿದ್ದೆ ಅಲ್ವಾ ನಾನು,” ಎಂದು ಹೇಳಿ ಇಟ್ಟುಬಿಟ್ಟರು. ಪಾತ್ರೆ ತೊಳೆಯುವ ಅಕ್ಕ ಕಾರ್ಕಳಕ್ಕೆ ಮರಳಿ ಬೇರೆ ಕೆಲಸ ಹುಡುಕಿಕೊಂಡರು. ನಾನು ಹಿಡಿದದ್ದರಿಂದ ತಾನು ಉಳಿದೆ ಎಂದು ಅವರಿಗೆ ಜನ ಹೇಳಿದ್ದರಂತೆ. ಅವರು ಒಪ್ಪಲಿಲ್ಲವಂತೆ. ನನ್ನ ಕಚೇರಿಗೆ ಹೋಟೆಲಿನವರು ಬರುವುದು ನಿಂತಿತು. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯನ್ನು ಬಿಟ್ಟೆ. ನಾಲ್ಕೂ ಊರುಗಳಲ್ಲಿ ನಾನು ಬರೆದ ರಿಜಿಸ್ಟರುಗಳು ಇನ್ನೂ ಇವೆ. ಅವುಗಳ ಪಟ್ಟಿಯನ್ನೂ ಕೊಟ್ಟಿದ್ದೇನೆ. ಪ್ರಕರಣ ನಡೆಯುತ್ತಿದೆ, ಅದರಲ್ಲಿ ನನ್ನ ಹೆಸರೂ ಇದೆ.

ಇಷ್ಟಾದರೂ ನಿದ್ದೆ ಬರಲಿಲ್ಲ. ಸತ್ಯ ಹೇಳಿದ ದಿನವೇ ಮಲಗಿಬಿಡಬಹುದು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಒಂದು ತಿಂಗಳ ನಂತರ, ಗುಂಡಿಯ ಆಳ ಅಳೆಯಲು ಮೊಹರು ತೆಗೆಯುತ್ತೇವೆ, ಒಳಗೆ ಇಳಿದವರೂ ನೀವೂ ಬಂದು ಜಾಗ ತೋರಿಸಬೇಕು ಎಂದು ಠಾಣೆಯಿಂದ ಕರೆ ಬಂತು. ಬೆಳಿಗ್ಗೆ ಹತ್ತು ಗಂಟೆ. ಹೋಟೆಲಿನ ಹಿಂದೆ ಹಗ್ಗ ಕಟ್ಟಿದ್ದರು. ಸಕ್ಕಿಂಗ್ ಗಾಡಿ ನಿಂತಿತ್ತು. ಕೈಗವಸು, ಮುಖವಾಡ ಹಾಕಿದ ಇಬ್ಬರು ಇದ್ದರು, ಅನಿಲ ಅಳೆಯುವ, ಅಂಗೈಯಷ್ಟು ದೊಡ್ಡ ಮೀಟರು ಇತ್ತು. ನಿಯಮದಲ್ಲಿ ಬರೆದ ಹಾಗೆಯೇ ಎಲ್ಲ. ನಾನು ಅಷ್ಟು ಸಲ ಟೈಪ್ ಮಾಡಿದ್ದ ಸಾಲುಗಳನ್ನು ಮನುಷ್ಯರು ಮಾಡುವುದನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

ಗ್ರೈಂಡರಣ್ಣ ಹೆಂಡತಿಯ ಜೊತೆ ಬಂದಿದ್ದರು. ಹೆಂಡತಿ ನನ್ನ ಕಡೆ ನೋಡಲಿಲ್ಲ. ಅವರು ಮಾತ್ರ ನಿಧಾನವಾಗಿ ಬಂದು ಹಗ್ಗದ ಬಳಿ ನನ್ನ ಪಕ್ಕ ನಿಂತರು. ಹಿರಿಯಡ್ಕದ ಪೇಟೆಯಲ್ಲಿ ಈಗ ಒಂದೊಂದು ಸಲ ಕೂರುತ್ತಾರಂತೆ. ಮೊಬೈಲಿನ ಮಾತು ಯಾರೂ ಎತ್ತುವುದಿಲ್ಲವಂತೆ. ಅಷ್ಟು ಹೇಳಿದರು.

ಕಬ್ಬಿಣದ ಸಲಾಕೆಯಿಂದ ಮುಚ್ಚಳವನ್ನು ಒಂದು ಗೇಣು ಸರಿಸಿದರು. ದಾರದಲ್ಲಿ ಕಟ್ಟಿದ ಮೀಟರನ್ನು ಇಳಿಸುವ ಮೊದಲೇ ಅದು ಕೂಗಿಕೊಂಡಿತು. ಗ್ರೈಂಡರಣ್ಣ ಅಭ್ಯಾಸದಂತೆ ಮೂಗು ಎತ್ತಿ ಗಾಳಿ ಎಳೆದರು. ಏನೂ ಸಿಕ್ಕದೆ ನನ್ನ ಕಡೆ ತಿರುಗಿದರು.

“ವಾಸನೆ ಉಂಟಾ ಅಕ್ಕ?”

“ಉಂಟು ಅಣ್ಣ,” ಎಂದೆ. “ತುಂಬ ಉಂಟು. ಹಿಂದೆ ಬನ್ನಿ.”

ಅವರು ನನ್ನ ಮಾತು ಕೇಳಿ ಹಿಂದೆ ಬಂದರು. ನಾನು ಅವರ ನಡುಗುವ ಕೈ ಹಿಡಿದು ಹಿಂದಿನ ಮನೆಯ ಬಾವಿಕಟ್ಟೆಯವರೆಗೆ ಕರೆದುಕೊಂಡು ಹೋದೆ. ಯಂತ್ರ ಮುಗಿಸುವವರೆಗೆ ಇಬ್ಬರೂ ಅಲ್ಲಿಯೇ ಕೂತಿದ್ದೆವು. ಗುಂಡಿಯೊಳಗೆ ಯಾರೂ ಇಳಿಯಲಿಲ್ಲ. ಅಡ್ಡಗೋಡೆ ಕಂಡಿತೆಂದು ಯಾರೋ ಹೇಳಿದರು. ನಾನು ಫೋನ್ ತೆಗೆಯಲಿಲ್ಲ.

ಆ ರಾತ್ರಿ ಮಲಗಿದ್ದು ಗೊತ್ತು. ಆಮೇಲೆ ಗೊತ್ತಾದದ್ದು ಬೆಳಿಗ್ಗೆ, ಮೀನಿನ ಸ್ಕೂಟರಿನ ಹಾರ್ನಿಗೆ. ಕಿಟಕಿಯಲ್ಲಿ ಬಿಸಿಲು ಇತ್ತು. ಇಷ್ಟು ಹೊತ್ತು ಯಾರನ್ನೂ ಹಿಡಿದುಕೊಳ್ಳದೆ ಮಲಗಿಬಿಟ್ಟೆನಲ್ಲ ಎಂದು ಎದ್ದು ಕೂತೆ. ಆಮೇಲೆ ಮೀನಿನ ವಾಸನೆ ಬಂತು.